ಅಧ್ಯಯನವೂ ಒಂದು ಅನುಷ್ಠಾನ

(ಬ್ರಹ್ಮಕಲಶೋತ್ಸವದ ಅಂಗವಾಗಿ ಕ್ಷೇತ್ರದ ಸಭಾಂಗಣದಲ್ಲಿ ಜರಗಿದ ವಿದ್ಯಾರ್ಥಿ ಸಮಾವೇಶದಲ್ಲಿ ಊರಿನ ನಿವೃತ್ತ ಅಧ್ಯಾಪಕರೊಬ್ಬರು ಮಾಡಿದ ಉಪನ್ಯಾಸದ ಬರೆಹ ರೂಪ)

 

‘ವಿದ್ಯಾರ್ಥಿಗಳಿಗೆ ಓದಿನ ಬಗ್ಗೆ ನಾಲ್ಕು ಮಾತು ಹೇಳಬೇಕು’ ಎಂದು ಸಮಿತಿಯವರು ನನ್ನ ಮನೆಗೆ ಬಂದು ಕೇಳಿದಾಗ ನಾನು ಮೊದಲು ಒಪ್ಪಲಿಲ್ಲ. ಉಪದೇಶ ಮಾಡುವುದು ಸುಲಭ, ಕೇಳುವವರಿಗೆ ಕಷ್ಟ. ಮತ್ತೆ ಯೋಚಿಸಿದಾಗ, ಈ ಕ್ಷೇತ್ರದ ನಡೆಯಲ್ಲಿ ನಿಂತು ನಾನು ಒಪ್ಪಿಸಬೇಕಾದ ಒಂದು ತಪ್ಪು ಕಾಣಿಕೆ ಬಾಕಿ ಇದೆ ಎಂದು ನೆನಪಾಯಿತು. ಆದ ಕಾರಣ ಬಂದಿದ್ದೇನೆ. ನನ್ನ ಉಪನ್ಯಾಸವೆಂದರೆ ಆ ತಪ್ಪಿನ ಕಥೆ, ಮತ್ತು ಅದರಿಂದ ನಾನು ಮುದಿಪ್ರಾಯದಲ್ಲಿ ಕಲಿತ ಪಾಠ.

ನಮ್ಮಲ್ಲಿ ನವರಾತ್ರಿಗೆ ಪುಸ್ತಕ ಪೂಜೆಗೆ ಇಡುವ ಸಂಪ್ರದಾಯ ಉಂಟಷ್ಟೆ. ಪುಸ್ತಕವನ್ನು ದೇವರ ಮುಂದೆ ಇಟ್ಟ ಮೇಲೆ ವಿಜಯದಶಮಿಯ ಬೆಳಗ್ಗಿನವರೆಗೆ ಓದುವ ಹಾಗಿಲ್ಲ. ಮಕ್ಕಳಿಗೆ ಅದರಷ್ಟು ಇಷ್ಟದ ವ್ರತ ಬೇರೆ ಇಲ್ಲ! ದಶಮಿಯಂದು ಪುಟ್ಟ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿ ಹರಿವಾಣದ ಬೆಳ್ತಿಗೆ ಅಕ್ಕಿಯಲ್ಲಿ ಬೆರಳು ಹಿಡಿದು ಬರೆಸುತ್ತೇವೆ. ಆ ಮಗು ಬರೆದ ಮೊದಲ ಅಕ್ಷರವನ್ನು ಅಳಿಸಿ ಮತ್ತೆ ಬರೆಸುತ್ತೇವೆ. ಅಕ್ಕಿಯಲ್ಲಿ ಬರೆದದ್ದನ್ನು ತಿದ್ದುವುದು ಸುಲಭ. ಕಾಗದದಲ್ಲಿ ಅಚ್ಚಾದದ್ದನ್ನು ತಿದ್ದುವುದು ಕಷ್ಟ. ಕಲ್ಲಿನಲ್ಲಿ ಕೊರೆದದ್ದನ್ನು ತಿದ್ದುವುದು ಇನ್ನೂ ಕಷ್ಟ. ನನ್ನ ತಪ್ಪು ಅಕ್ಕಿಯಿಂದ ಕಲ್ಲಿನವರೆಗೆ ಹೋಗಿತ್ತು.

ಹಿಂದೊಮ್ಮೆ ಈ ಕ್ಷೇತ್ರದ ಉತ್ಸವಕ್ಕೆ ಸ್ಮರಣ ಸಂಚಿಕೆ ಹೊರಡಿಸಿದಾಗ ಸ್ಥಳ ಚರಿತ್ರೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಆಗ ನಾನು ಸರ್ವಿಸಿನಲ್ಲಿದ್ದೆ. ಶಾಲೆಯ ಕೆಲಸ, ತೋಟದ ಕೆಲಸ, ಮಧ್ಯೆ ಇದು. ಹೊಳೆಯಾಚೆಯ ಒಂದು ಹಳೆಯ ಮನೆಯಲ್ಲಿ ನಮ್ಮ ಕ್ಷೇತ್ರಕ್ಕೆ ಸಂಬಂಧಪಟ್ಟ ಓಲೆಯೊಂದು ಇದೆ ಎಂದು ಹಿರಿಯರೊಬ್ಬರು ಹೇಳಿದರು. ‘ಅದರಲ್ಲಿ ಒಂಬೈನೂರ ಅರುವತ್ತೆಂಟರಲ್ಲಿ ಜೀರ್ಣೋದ್ಧಾರ ಆಯಿತು ಅಂತ ಉಂಟು ಮಾಸ್ಟ್ರೇ’ ಅಂದರು. ಅವರಾದರೂ ಓಲೆ ಓದಿದವರಲ್ಲ, ತನ್ನ ಮಾವನಿಂದ ಕೇಳಿದವರು. ನಾನು ಹೊಳೆ ದಾಟಿ ಹೋಗಲಿಲ್ಲ. ಸಂಚಿಕೆಯ ಕೆಲಸ ಅವಸರದ್ದು, ಅಚ್ಚುಕೂಟದವರು ದಿನಾ ಆಳು ಕಳುಹಿಸುತ್ತಿದ್ದರು. ‘ಕ್ರಿ.ಶ. 968ರಲ್ಲಿ ಜೀರ್ಣೋದ್ಧಾರಗೊಂಡ ಈ ಕ್ಷೇತ್ರಕ್ಕೆ ಸಾವಿರ ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ’ ಎಂದು ಬರೆದು ಕೊಟ್ಟೆ. ‘ಕ್ರಿ.ಶ.’ ಎಂಬ ಎರಡಕ್ಷರವನ್ನು ಯಾರೂ ನನಗೆ ಹೇಳಿರಲಿಲ್ಲ. ಅದು ನನ್ನ ಕೈಯಿಂದ ಬಿದ್ದದ್ದು.

ಸಂಚಿಕೆ ಎಲ್ಲರಿಗೂ ಮೆಚ್ಚುಗೆಯಾಯಿತು. ಮುಂದಿನ ಉತ್ಸವದ ಆಮಂತ್ರಣ ಪತ್ರಿಕೆಯಲ್ಲಿ ಅದೇ ವಾಕ್ಯ ಬಂತು. ಅಲ್ಲಿಂದ ಭಾಷಣಗಳಿಗೆ ಹೋಯಿತು. ಕೊನೆಗೆ ಗೋಪುರದ ಬದಿಯಲ್ಲಿ ಕಲ್ಲಿನ ಫಲಕವಾಗಿ ನಿಂತಿತು. ನೀವೆಲ್ಲ ಇವತ್ತು ಒಳಗೆ ಬರುವಾಗ ಅದನ್ನು ನೋಡಿಯೇ ಬಂದಿದ್ದೀರಿ. ಒಮ್ಮೆ ನಾನೇ ಒಂದು ಕಡೆ ಭಾಷಣ ಮಾಡುವಾಗ ‘ಕ್ಷೇತ್ರದ ಫಲಕದಲ್ಲಿಯೂ ಹಾಗೆಯೇ ಇದೆ’ ಎಂದು ಆಧಾರ ಕೊಟ್ಟೆ. ನಾನು ಹೇಳಿದ್ದಕ್ಕೆ ಕಲ್ಲು ಸಾಕ್ಷಿ, ಕಲ್ಲಿಗೆ ನಾನು ಸಾಕ್ಷಿ!

ಎರಡು ವರ್ಷದ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಚರಿತ್ರೆಯಲ್ಲಿ ಎಂ.ಎ. ಓದುತ್ತಿದ್ದಳು. ಊರಿನ ದೇವಸ್ಥಾನಗಳ ಬಗ್ಗೆ ಪ್ರಬಂಧ ಬರೆಯಬೇಕಿತ್ತಂತೆ. ಕಾಫಿ ಕುಡಿದು, ಮೆಲ್ಲನೆ ಸಂಚಿಕೆ ತೆರೆದು, ‘ಮಾಸ್ಟ್ರೇ, ಈ 968 ನಿಮಗೆ ಎಲ್ಲಿ ಸಿಕ್ಕಿತು?’ ಎಂದು ಕೇಳಿದಳು. ನಾನು ಆ ಹಿರಿಯರ ಹೆಸರು ಹೇಳಿದೆ. ಅವರು ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ‘ನೀವು ಓಲೆ ನೋಡಿದ್ದೀರಾ?’ ಇಲ್ಲ. ‘ಅವರು ಹೇಳಿದ್ದನ್ನು ಬರೆದಿಟ್ಟ ಪುಸ್ತಕ ಉಂಟಾ?’ ಅದೂ ಇಲ್ಲ. ನಲುವತ್ತು ಮಕ್ಕಳ ತರಗತಿಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದಂತಾಯಿತು ನನಗೆ.

ಅವಳು ನನ್ನನ್ನು ಬಿಡಲಿಲ್ಲ. ಇಬ್ಬರೂ ಹೊಳೆಯಾಚೆಯ ಆ ಮನೆಗೆ ಹೋದೆವು. ಅವರು ಅಟ್ಟದಿಂದ ಒಂದು ಮರದ ಪೆಟ್ಟಿಗೆ ಇಳಿಸಿದರು. ಓಲೆಯ ಅಂಚನ್ನು ಹುಳ ತಿಂದಿತ್ತು, ಆದರೆ ಅಕ್ಷರ ಸ್ಪಷ್ಟ. ಲಿಪಿ ಹಳೆಯ ಮಲಯಾಳ. ಹುಡುಗಿ ನಿಧಾನವಾಗಿ ಕೂಡಿಸಿ ಓದಿದಳು. 968 ಎಂಬ ಸಂಖ್ಯೆ ಇದ್ದದ್ದು ಹೌದು. ಅದರ ಹಿಂದೆ ಒಂದು ಶಬ್ದವೂ ಇತ್ತು: ‘ಕೊಲ್ಲಂ’. ಮೀನ ಮಾಸ ಎಂದೂ ಇತ್ತು, ಅಂದರೆ ನಮ್ಮ ಸುಗ್ಗಿ ತಿಂಗಳು.

ಕೊಲ್ಲವರ್ಷ ಆರಂಭವಾದದ್ದು ಕ್ರಿ.ಶ. 825ರಲ್ಲಿ. ದಕ್ಷಿಣದವರು ಸಿಂಹ ಮಾಸದಿಂದ ವರ್ಷ ಹಿಡಿಯುತ್ತಿದ್ದರು, ಉತ್ತರ ಮಲಬಾರಿನವರು ಕನ್ಯಾ ಮಾಸದಿಂದ. ಹೇಗೆ ಲೆಕ್ಕ ಹಾಕಿದರೂ ಕೊಲ್ಲಂ 968ರ ಮೀನ ಮಾಸ ಕ್ರಿ.ಶ. 1793ರ ಮಾರ್ಚ್-ಏಪ್ರಿಲ್‌ಗೆ ಬರುತ್ತದೆ. ಒಂದು ಶಬ್ದ ಬಿಟ್ಟುಹೋದದ್ದರಿಂದ, ಇನ್ನೊಂದು ಶಬ್ದವನ್ನು ನಾನು ಸೇರಿಸಿದ್ದರಿಂದ ಎಂಟುನೂರ ಇಪ್ಪತ್ತೈದು ವರ್ಷ ವ್ಯತ್ಯಾಸವಾಗಿತ್ತು. ಅದು ಮೋಸವಲ್ಲ, ಸುಳ್ಳೂ ಅಲ್ಲ. ಬರಿಯ ಅಭ್ಯಾಸದೋಷ. ಮಕ್ಕಳೇ, ವಿದ್ಯೆಯಲ್ಲಿ ಹೆಚ್ಚಿನ ಅನರ್ಥಗಳು ದುಷ್ಟತನದಿಂದ ಆಗುವುದಿಲ್ಲ, ಅಭ್ಯಾಸದೋಷದಿಂದ ಆಗುತ್ತವೆ. ಅದಕ್ಕೇ ಇವತ್ತು ಬುದ್ಧಿವಂತಿಕೆಯ ಬಗ್ಗೆ ನಾನು ಮಾತಾಡುವುದಿಲ್ಲ. ಬುದ್ಧಿ ದೇವರು ಕೊಟ್ಟದ್ದು, ಹೆಚ್ಚುಕಡಿಮೆ ಇರಬಹುದು. ಅಭ್ಯಾಸ ನಾವೇ ಮಾಡಿಕೊಳ್ಳುವುದು, ಅದರಲ್ಲಿ ಬಡವ-ಬಲ್ಲಿದ ಎಂಬ ಭೇದವಿಲ್ಲ.

ಮೊದಲನೆಯ ಅಭ್ಯಾಸವನ್ನು ಈ ದೇವಸ್ಥಾನದ ಆಫೀಸಿನಿಂದಲೇ ಕಲಿಯಬಹುದು. ಒಂದು ಹೂವಿನ ಪೂಜೆ ಮಾಡಿಸಿದರೂ ರಶೀದಿ ಕೊಡುತ್ತಾರೆ. ಅದರಲ್ಲಿ ನಂಬರು, ತಾರೀಕು, ಯಾರ ಹೆಸರಿನಲ್ಲಿ, ಎಷ್ಟು ರೂಪಾಯಿ ಎಂಬುದೆಲ್ಲ ಇರುತ್ತದೆ. ಅಡಿಪ್ರತಿ ಇಲ್ಲಿ ಉಳಿಯುತ್ತದೆ. ವರ್ಷದ ಕೊನೆಗೆ ಲೆಕ್ಕಪರಿಶೋಧಕರು ಬಂದಾಗ ‘ಇದು ಎಲ್ಲಿಂದ ಬಂತು’ ಎಂದರೆ ತೋರಿಸಲಿಕ್ಕೆ ಆಧಾರ ಉಂಟು. ಹತ್ತು ರೂಪಾಯಿಗೆ ಇಷ್ಟು ಜಾಗ್ರತೆ ವಹಿಸುವ ನಾವು ಸಾವಿರ ವರ್ಷಕ್ಕೆ ರಶೀದಿ ಪಡೆಯಲಿಲ್ಲ! ಓದುವಾಗ, ಕೇಳುವಾಗ ನಿಮಗೆ ಒಂದು ವಿಷಯ ಸಿಕ್ಕಿತೆಂದರೆ ಅದಕ್ಕೂ ರಶೀದಿ ಬರೆದಿಡಿ. ಪುಸ್ತಕವಾದರೆ ಅದರ ಹೆಸರು, ಬರೆದವರ ಹೆಸರು, ಅಚ್ಚಾದ ವರ್ಷ, ಪುಟ. ಜನರಿಂದ ಕೇಳಿದ್ದಾದರೆ ಹೇಳಿದವರು ಯಾರು, ಯಾವ ದಿನ, ಅವರು ಕಣ್ಣಾರೆ ಕಂಡದ್ದೋ ಇನ್ನೊಬ್ಬರಿಂದ ಕೇಳಿದ್ದೋ. ಎರಡು ಸಾಲು ಬರೆಯಲು ಎರಡು ನಿಮಿಷ. ಆಗ ಬರೆಯದಿದ್ದರೆ ನನ್ನ ಹಾಗೆ ಇಪ್ಪತ್ತು ವರ್ಷ ಕಳೆದು ಹುಡುಕಿದರೂ ಸಿಗುವುದಿಲ್ಲ.

ಎರಡನೆಯದು, ಆ ನೋಟು ಪುಸ್ತಕದ ಹಾಳೆಯಲ್ಲಿ ಮೂರು ಕಲಂ ಮಾಡಿ. ಒಂದರಲ್ಲಿ ಕಂಡದ್ದು, ಇನ್ನೊಂದರಲ್ಲಿ ಕೇಳಿದ್ದು ಅಥವಾ ಓದಿದ್ದು, ಮೂರನೆಯದರಲ್ಲಿ ನಾನೇ ಊಹಿಸಿದ್ದು. ಇದು ಹೊರಗಿನಿಂದ ಬಂದ ಪದ್ಧತಿಯೇನಲ್ಲ. ನಮ್ಮ ಶಾಸ್ತ್ರಕಾರರು ಪ್ರತ್ಯಕ್ಷ, ಶಬ್ದ, ಅನುಮಾನ ಎಂದು ಪ್ರಮಾಣಗಳನ್ನು ಬೇರೆ ಬೇರೆಯಾಗಿ ಎಣಿಸಿದ್ದು ಇದಕ್ಕೇ. ಮೂರೂ ಬೇಕು, ಆದರೆ ಒಂದನ್ನು ಇನ್ನೊಂದರ ಪಾತ್ರೆಗೆ ಸುರಿಯಬಾರದು. 968 ಎಂಬುದು ನಾನು ಕೇಳಿದ್ದು. ಕ್ರಿ.ಶ. ಎಂಬುದು ನಾನು ಊಹಿಸಿದ್ದು. ಎರಡನ್ನೂ ಕಂಡಂತೆ ಬರೆದೆ. ಮೂರು ಕಲಂ ಮಾಡಿದ್ದಿದ್ದರೆ ಅದೇ ದಿನ ‘ಅಯ್ಯೋ, ಓಲೆ ನೋಡಲಿಲ್ಲವಲ್ಲ’ ಎಂದು ಕಾಣುತ್ತಿತ್ತು.

ನಮ್ಮ ಪೂರ್ವಿಕರಿಗೆ ಈ ವಿಷಯದಲ್ಲಿ ಎಷ್ಟು ಎಚ್ಚರವಿತ್ತು ಎಂಬುದಕ್ಕೆ ಇಂದು ಬೆಳಗ್ಗೆ ಇಲ್ಲಿ ನಡೆದ ವೇದಪಾರಾಯಣವೇ ಸಾಕ್ಷಿ. ಬರೆಹ ಇಲ್ಲದ ಕಾಲದಲ್ಲಿ ಒಂದಕ್ಷರ, ಒಂದು ಸ್ವರ ತಪ್ಪದಂತೆ ಮುಂದಿನ ತಲೆಮಾರಿಗೆ ದಾಟಿಸುವುದು ಹೇಗೆ? ಸಂಹಿತೆಯನ್ನು ಪದಪದವಾಗಿ ಬಿಡಿಸಿ ಪದಪಾಠ ಮಾಡಿದರು. ಎರಡೆರಡು ಪದ ಜೋಡಿಸಿ ಕ್ರಮಪಾಠ ಮಾಡಿದರು. ಜಟಾಪಾಠದಲ್ಲಿ ಒಂದು-ಎರಡು, ಎರಡು-ಒಂದು, ಒಂದು-ಎರಡು ಎಂದು ಮುಂದೆ ಹಿಂದೆ ಹೇಳುತ್ತಾರೆ. ಘನಪಾಠದಲ್ಲಿ ಮೂರು ಮೂರು ಪದಗಳನ್ನು ಹಾಗೆ ತಿರುಗಿಸುತ್ತಾರೆ. ಬಾಯಿಪಾಠ ಎಂದು ನಾವು ಹಗುರಾಗಿ ಹೇಳುತ್ತೇವೆ. ಒಂದು ದಾರಿಯಲ್ಲಿ ತಪ್ಪಿದರೆ ಇನ್ನೊಂದು ದಾರಿಯಲ್ಲಿ ಹಿಡಿಯಬೇಕು, ಅದಕ್ಕಾಗಿ ಕಟ್ಟಿದ ಕಾವಲು ಅದು. ಓಲೆ ನಕಲು ಮಾಡುವ ಲಿಪಿಕಾರರೂ ಕೊನೆಯಲ್ಲಿ, ತಾವು ನೋಡಿದ ಪ್ರತಿಯಲ್ಲಿ ಇದ್ದಂತೆ ಬರೆದಿದ್ದೇವೆ, ತಪ್ಪಿದ್ದರೆ ಬಲ್ಲವರು ತಿದ್ದಬೇಕು ಎಂಬರ್ಥದ ಮಾತು ಸೇರಿಸುತ್ತಿದ್ದರು. ತನ್ನ ಕೈಯ ಮೇಲೆ ಸಂಶಯವಿಟ್ಟುಕೊಂಡವನೇ ನಿಜವಾದ ವಿದ್ಯಾವಂತ.

ನಮ್ಮ ನಾಡಿನವರೇ ಆದ ಒಬ್ಬ ಮಹನೀಯರ ಹೆಸರು ಹೇಳದೆ ಈ ಮಾತು ಪೂರ್ತಿಯಾಗದು. ಮಂಜೇಶ್ವರದ ಗೋವಿಂದ ಪೈಗಳು 1883ರಲ್ಲಿ ಹುಟ್ಟಿದವರು. ಮದ್ರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ತಂದೆಯವರ ಕಾರಣ ಊರಿಗೆ ಮರಳಬೇಕಾಯಿತು, ಪದವಿ ಪೂರ್ತಿಯಾಗಲಿಲ್ಲ. ಬಾಳಿನ ಹೆಚ್ಚಿನ ಭಾಗವನ್ನು ಮಂಜೇಶ್ವರದ ಮನೆಯಲ್ಲಿಯೇ ಪುಸ್ತಕಗಳ ಮಧ್ಯೆ ಕಳೆದರು. ಸಂಸ್ಕೃತ, ಪಾಲಿ, ಬಂಗಾಲಿ ಮೊದಲಾಗಿ ಗ್ರೀಕ್, ಲ್ಯಾಟಿನ್‌ವರೆಗೆ ಹಲವು ಭಾಷೆಗಳನ್ನು ಸ್ವಂತ ಶ್ರಮದಿಂದ ಕಲಿತರು. 1949ರಲ್ಲಿ ಮದ್ರಾಸ್ ಸರಕಾರ ಅವರಿಗೆ ರಾಷ್ಟ್ರಕವಿ ಎಂಬ ಗೌರವ ನೀಡಿತು. 1951ರ ಮುಂಬಯಿ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1963ರಲ್ಲಿ ತೀರಿಕೊಂಡರು. ಪದವಿಯ ಕಾಗದ ಇಲ್ಲದೆಯೂ ಒಬ್ಬರು ಏನಾಗಬಹುದು ಎಂಬುದಕ್ಕೆ ಬೇರೆ ಉದಾಹರಣೆ ಬೇಡ. ನಮ್ಮ ಮಕ್ಕಳು ‘ಇಲ್ಲಿ ಸೌಕರ್ಯ ಇಲ್ಲ, ಇದು ಗಡಿನಾಡು’ ಎನ್ನುವಾಗ ನನಗೆ ಮಂಜೇಶ್ವರದ ಆ ಮನೆ ನೆನಪಾಗುತ್ತದೆ.

ಅವರನ್ನು ಕವಿಯೆಂದು ಎಲ್ಲರೂ ಬಲ್ಲರು. ಕಾಲನಿರ್ಣಯದಲ್ಲಿ ಅವರಿಗಿದ್ದ ಶ್ರದ್ಧೆಯನ್ನು ನಾವು ಅಷ್ಟು ಗಮನಿಸಿಲ್ಲ. ಶ್ರವಣಬೆಳಗೊಳದ ಗೊಮ್ಮಟಮೂರ್ತಿಯ ಪ್ರತಿಷ್ಠೆ ಯಾವ ದಿನ ಆಯಿತು ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಹಳೆಯ ಸಂಸ್ಕೃತ ಗ್ರಂಥವೊಂದರಲ್ಲಿ ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ, ಲಗ್ನ ಎಲ್ಲ ಹೇಳಿದೆ: ಚೈತ್ರ ಶುದ್ಧ ಪಂಚಮಿ, ಆದಿತ್ಯವಾರ ಎಂದು. ಪಂಚಾಂಗ ಬಲ್ಲ ನಿಮಗೆ ಗೊತ್ತು, ಸಂವತ್ಸರದ ಹೆಸರು ಅರುವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಆದ್ದರಿಂದ ಹೆಸರು ಮಾತ್ರ ನೋಡಿದರೆ ಸಾಲದು. ತಿಥಿಯೂ ವಾರವೂ ಕೂಡಿಬರುತ್ತದೋ ಎಂದು ನೋಡಬೇಕು. ಪೈಗಳು ಕ್ರಿ.ಶ. 981ರ ಮಾರ್ಚ್ 13 ಎಂದು ನಿರ್ಣಯಿಸಿದರು. ಆ ದಿನ ಆದಿತ್ಯವಾರವೇ ಹೌದು. ಆದರೆ ಬೇರೆ ವಿದ್ವಾಂಸರು ಬೇರೆ ವರ್ಷಗಳನ್ನು ಹೇಳಿದ್ದಾರೆ, 1028 ಎಂದವರೂ ಇದ್ದಾರೆ. ಎಲ್ಲರೂ ಒಪ್ಪಿದ ಉತ್ತರ ಇಲ್ಲ. ಇಲ್ಲಿ ನಾವು ಕಲಿಯಬೇಕಾದದ್ದು ಇಸವಿಯನ್ನಲ್ಲ. ಇಂಥಿಂಥ ಆಧಾರದಿಂದ, ಇಂಥ ಲೆಕ್ಕದಿಂದ ಈ ದಿನಕ್ಕೆ ಬಂದೆ ಎಂದು ಮೆಟ್ಟಿಲುಗಳನ್ನು ತೋರಿಸಿ ಬರೆದರೆ ಒಪ್ಪದವರೂ ಆ ಮೆಟ್ಟಿಲು ಹತ್ತಿ ಪರೀಕ್ಷಿಸಬಹುದು. ನಾನು ಕೊಟ್ಟದ್ದು ಮೆಟ್ಟಿಲಿಲ್ಲದ ಉಪ್ಪರಿಗೆ.

ಇನ್ನೊಂದು ಪ್ರಸಂಗ ಹೇಳುತ್ತೇನೆ. ಈಜಿಪ್ಟ್ ದೇಶದ ಆಕ್ಸಿರಿಂಕಸ್ ಎಂಬಲ್ಲಿ ಪಪೈರಸ್ ಎಂಬ ಹಳೆಯ ಕಾಗದದ ಮೇಲೆ ಬರೆದ ಒಂದು ಗ್ರೀಕ್ ಪ್ರಹಸನ ಸಿಕ್ಕಿತು. 1903ರಲ್ಲಿ ಅದು ಪ್ರಕಟವಾಯಿತು. ಭಾರತದ ಕಡಲತೀರದಲ್ಲಿ ಸಿಕ್ಕಿಬಿದ್ದ ಗ್ರೀಕ್ ಹೆಣ್ಣುಮಗಳೊಬ್ಬಳನ್ನು ಬಿಡಿಸಿಕೊಂಡು ಹೋಗುವ ಕಥೆ ಅದು. ಆ ತೀರದ ಅರಸ ಮತ್ತು ಜನರು ಆಡುವ ಅರ್ಥವಾಗದ ಮಾತುಗಳು ಕನ್ನಡವಿರಬೇಕು ಎಂದು ಮರುವರ್ಷ ಹುಲ್ಟ್ಸ್ ಎಂಬ ಜರ್ಮನ್ ವಿದ್ವಾಂಸರು ಸೂಚಿಸಿದರು. ನಮ್ಮ ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಅದನ್ನು ಕನ್ನಡವಾಗಿ ಓದಲು ಪ್ರಯತ್ನಿಸಿದರು. 1926ರಲ್ಲಿ ಬಾರ್ನೆಟ್ ಎಂಬವರು ಅದು ಕನ್ನಡವೆಂದು ಹೇಳಲು ಬರುವುದಿಲ್ಲ ಎಂದು ವಾದಿಸಿದರು. ಇಂದಿಗೂ ಆ ಚರ್ಚೆ ಮುಗಿದಿಲ್ಲ. ಎರಡು ಸಾವಿರ ವರ್ಷದ ಹಿಂದೆ ನಮ್ಮ ಕಡಲತೀರದ ಕನ್ನಡ ಈಜಿಪ್ಟಿನವರೆಗೆ ಹೋಗಿತ್ತು ಎಂದು ಕೇಳುವಾಗ ನನ್ನಂಥ ಗಡಿನಾಡ ಕನ್ನಡಿಗನಿಗೆ ಮೈಯೆಲ್ಲ ಪುಳಕ. ಅಲ್ಲಿಯೇ ಜಾಗ್ರತೆ ಬೇಕಾದದ್ದು. ನಮಗೆ ಇಷ್ಟವಿಲ್ಲದ ಮಾತನ್ನು ನಾವು ತಾನಾಗಿಯೇ ಪರೀಕ್ಷಿಸುತ್ತೇವೆ. ಇಷ್ಟವಾದ ಮಾತನ್ನು ಪರೀಕ್ಷಿಸದೆ ನುಂಗುತ್ತೇವೆ. ಇಷ್ಟವಾದ ಮಾತಿಗೇ ಎರಡು ಸಲ ರಶೀದಿ ಕೇಳಬೇಕು. ಸಾವಿರ ವರ್ಷ ಎಂಬುದು ನನಗೆ ಇಷ್ಟವಾಗಿತ್ತು, ಅದರಿಂದಲೇ ಕಣ್ಣು ಮುಚ್ಚಿತು.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ನೋಡದೆ ‘ಉಂಟು’ ಎನ್ನುವುದು ಒಂದು ತಪ್ಪು, ನೋಡದೆ ‘ಇಲ್ಲ’ ಎನ್ನುವುದು ಇನ್ನೊಂದು. ತುಳುವಿನಲ್ಲಿ ಹಳೆಯ ಲಿಖಿತ ಕಾವ್ಯವೇ ಇಲ್ಲ ಎಂದು ಬಹುಕಾಲ ವಿದ್ಯಾವಂತರೆಲ್ಲ ಹೇಳುತ್ತಿದ್ದರು. ನಮ್ಮ ಜಿಲ್ಲೆಯವರೇ ಆದ ಪುಂಡೂರು ವೆಂಕಟರಾಜ ಪುಣಿಂಚಿತ್ತಾಯರು ತುಳು ಲಿಪಿಯ ತಾಡೆಯೋಲೆಗಳನ್ನು ಹುಡುಕಿ ಓದಿದರು. ವಿಷ್ಣುತುಂಗನ ‘ಶ್ರೀ ಭಾಗವತೊ’, ಇನ್ನೊಂದು ಕಾವ್ಯವಾದ ‘ಕಾವೇರಿ’ ಹಾಗೆ ಬೆಳಕಿಗೆ ಬಂದವು. ಓಲೆಗಳು ಅಲ್ಲಿಯೇ ಇದ್ದುವು. ಓದಬಲ್ಲವರು, ಓದಬೇಕೆಂಬ ಹಟವಿದ್ದವರು ಬೇಕಿತ್ತು. ‘ಇಲ್ಲ’ ಎಂದು ಬರೆಯುವ ಮೊದಲು ‘ನಾನು ಎಲ್ಲೆಲ್ಲಿ ನೋಡಿದೆ’ ಎಂದು ಬರೆಯಿರಿ. ಆಗ ‘ಇಲ್ಲ’ ಎಂಬುದು ಎಷ್ಟೋ ಸಲ ‘ನೋಡಿಲ್ಲ’ ಎಂದಾಗುತ್ತದೆ.

ಮಕ್ಕಳು ಅರ್ಥವಾಗದ ಶಬ್ದವನ್ನು ಹಾರಿಸಿ ಓದುವುದನ್ನು ನಾನು ಮೂವತ್ತು ವರ್ಷ ನೋಡಿದ್ದೇನೆ. ಓದುವ ಮೇಜಿನ ಮೇಲೆ ಒಂದು ನಿಘಂಟು ಇರಲಿ. ಕಿಟೆಲ್ ಪಾದ್ರಿಯವರು 1853ರಲ್ಲಿ ಜರ್ಮನಿಯಿಂದ ಈ ದೇಶಕ್ಕೆ ಬಂದು, ವರ್ಷಾನುವರ್ಷ ದುಡಿದು ಕನ್ನಡ-ಇಂಗ್ಲಿಷ್ ನಿಘಂಟನ್ನು ಸಿದ್ಧಮಾಡಿದರು. 1894ರಲ್ಲಿ ಅದು ಮಂಗಳೂರಿನಲ್ಲಿ ಅಚ್ಚಾಯಿತು. ಅದನ್ನು ತೆರೆದು ನೋಡಿ. ಶಬ್ದದ ಅರ್ಥದೊಡನೆ ಅದು ಯಾವ ಗ್ರಂಥದಲ್ಲಿ ಬಂದದ್ದು, ಮೈಸೂರು ಕಡೆಯ ಬಳಕೆಯೋ ದಕ್ಷಿಣ ಮರಾಠ ಪ್ರಾಂತದ ಬಳಕೆಯೋ ಎಂದು ಸಂಕ್ಷೇಪಾಕ್ಷರಗಳಲ್ಲಿ ಗುರುತಿಸಿದ್ದಾರೆ. ತುಳು, ಮಲಯಾಳ, ತಮಿಳು ರೂಪಗಳನ್ನೂ ಪಕ್ಕದಲ್ಲಿ ಕೊಟ್ಟಿದ್ದಾರೆ. ಅಂದರೆ ಶಬ್ದ ಶಬ್ದಕ್ಕೂ ರಶೀದಿ. ಉಡುಪಿಯಲ್ಲಿ ಗೋವಿಂದ ಪೈಗಳ ಹೆಸರಿನ ಸಂಶೋಧನ ಕೇಂದ್ರದಿಂದ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರಬಂದ ತುಳು ನಿಘಂಟುವಿನಲ್ಲಿಯೂ ಊರೂರಿನ ಉಚ್ಚಾರ ಭೇದಗಳನ್ನು ಹಾಗೆಯೇ ದಾಖಲಿಸಿದ್ದಾರೆ. ಒಬ್ಬ ಅಜ್ಜಿ ಆಡಿದ ಮಾತಿಗೂ ವಿದ್ವತ್ತಿನಲ್ಲಿ ಸ್ಥಾನವಿದೆ. ಆದರೆ ಅದು ಅಜ್ಜಿಯ ಮಾತು ಎಂದು ಗುರುತಿಸಿಡಬೇಕು.

ಇಷ್ಟೆಲ್ಲ ಪರೀಕ್ಷೆಗೆ ಓದುವ ಮಕ್ಕಳಿಗೆ ಯಾಕೆ ಎಂದು ಹಿಂದೆ ಕುಳಿತ ತಂದೆತಾಯಿಗಳು ಯೋಚಿಸುತ್ತಿರಬಹುದು. ಅವರಿಗೆ ಒಂದು ಮಾತು. ದೇವಸ್ಥಾನದಲ್ಲಿ ನಿತ್ಯಪೂಜೆ ಇಲ್ಲದೆ ವರ್ಷಕ್ಕೊಮ್ಮೆ ಉತ್ಸವ ಮಾತ್ರ ಮಾಡಿದರೆ ಆದೀತೇ? ತಂತ್ರಿಗಳು ಒಪ್ಪಲಾರರು. ಆದರೆ ಓದಿನಲ್ಲಿ ನಾವು ಮಾಡುವುದು ಅದನ್ನೇ. ವರ್ಷವಿಡೀ ಬಾಗಿಲು ಹಾಕಿ, ಮಾರ್ಚ್ ತಿಂಗಳಲ್ಲಿ ಗೈಡ್, ಟ್ಯೂಷನ್, ರಾತ್ರಿ ಕಾಫಿ ಎಂದು ಉತ್ಸವ! ದಿನಕ್ಕೆ ಒಂದು ಗಂಟೆ ಸಾಕು, ಆದರೆ ಅದೇ ಹೊತ್ತು, ಅದೇ ಜಾಗ. ಒಂದು ಪಾಠ ಓದಿದ ಮೇಲೆ ಪುಸ್ತಕ ಮುಚ್ಚಿ, ತಿಳಿದದ್ದನ್ನು ಸ್ವಂತ ಮಾತಿನಲ್ಲಿ ಐದು ಸಾಲು ಬರೆಯಿರಿ. ಬರೆಯಲು ಬಾರದಿದ್ದರೆ ತಿಳಿದಿಲ್ಲವೆಂದೇ ಅರ್ಥ. ಪುನಃ ತೆರೆದು ಓದಿ. ಮರುದಿನ ಹೊಸದಕ್ಕೆ ಹೋಗುವ ಮೊದಲು ನಿನ್ನೆಯ ಐದು ಸಾಲು ನೋಡಿ. ಶ್ರವಣವಾದ ಮೇಲೆ ಮನನ, ಅದರ ಮೇಲೆ ನಿದಿಧ್ಯಾಸನ ಎಂದು ಹಿರಿಯರು ಹೇಳಿದ ಕ್ರಮ ಹತ್ತನೆಯ ತರಗತಿಯ ವಿಜ್ಞಾನಕ್ಕೂ ಸಲ್ಲುತ್ತದೆ.

ಈಗ ಮೊಬೈಲಿನಲ್ಲಿ ಒಂದು ಪ್ರಶ್ನೆ ಹಾಕಿದರೆ ನೂರು ಉತ್ತರ ಬರುತ್ತದೆ. ಯಂತ್ರವೇ ಪ್ರಬಂಧ ಬರೆದು ಕೊಡುವ ಕಾಲವೂ ಬಂದಿದೆ. ಬೇಡವೆಂದು ನಾನು ಹೇಳುವುದಿಲ್ಲ, ಹೇಳಿದರೂ ನೀವು ಕೇಳುವುದಿಲ್ಲ. ನನ್ನ ಕಾಲದಲ್ಲಿ ಒಂದು ತಪ್ಪು ಸಂಚಿಕೆಯಿಂದ ಫಲಕಕ್ಕೆ ಹೋಗಲು ಹತ್ತು ವರ್ಷ ಹಿಡಿಯಿತು. ಈಗ ಹತ್ತು ನಿಮಿಷ ಸಾಕು. ಆದ್ದರಿಂದ ಆ ಹುಡುಗಿ ನನ್ನನ್ನು ಕೇಳಿದ ಪ್ರಶ್ನೆಯನ್ನೇ ನೀವು ಮೊಬೈಲಿನ ಹತ್ತಿರವೂ ಕೇಳಿ: ‘ಇದು ನಿಮಗೆ ಎಲ್ಲಿ ಸಿಕ್ಕಿತು?’ ಉತ್ತರ ಸಿಕ್ಕಿದರೆ ಅಲ್ಲಿಗೆ ಹೋಗಿ ನೋಡಿ. ಸಿಗದಿದ್ದರೆ ‘ಕೇಳಿದ್ದು’ ಎಂಬ ಕಲಂನಲ್ಲಿ ಬರೆದು ಸುಮ್ಮನಿರಿ.

ಇನ್ನು ನಮ್ಮ ನಾಡಿಗೆ ವಿಶೇಷವಾಗಿ ಸಲ್ಲುವ ಒಂದು ಮಾತು. 1956ರಲ್ಲಿ ನಾವು ಕೇರಳಕ್ಕೆ ಸೇರಿದ ಮೇಲೆ ಕನ್ನಡದ ಬಗ್ಗೆ ನಮಗೆ ಇರುವ ಆತಂಕ ನಿಮಗೆಲ್ಲ ತಿಳಿದದ್ದೇ. ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸಿ, ಮನೆಯಲ್ಲಿ ಕನ್ನಡ ಪುಸ್ತಕ ಇಡಿ ಎಂದು ನಾನು ಜೀವಮಾನವಿಡೀ ಹೇಳುತ್ತಾ ಬಂದವನು, ಇಂದೂ ಹೇಳುತ್ತೇನೆ. ಆದರೆ ಆ ಓಲೆಯ ಮುಂದೆ ಕುಳಿತಾಗ ನನಗೆ ನಾಚಿಕೆಯಾಯಿತು. ನಮ್ಮ ದೇವಸ್ಥಾನದ ಚರಿತ್ರೆ ನನಗೆ ಬಾರದ ಲಿಪಿಯಲ್ಲಿತ್ತು. ಕನ್ನಡ ಮಾಧ್ಯಮದಲ್ಲಿ ಕಲಿತ ಆ ಹುಡುಗಿ ಮಲಯಾಳವನ್ನೂ ಶ್ರದ್ಧೆಯಿಂದ ಕಲಿತಿದ್ದಳು, ಅದಕ್ಕೇ ಓದಿದಳು. ಮನೆಯಲ್ಲಿ ತುಳುವೋ ಕೊಂಕಣಿಯೋ ಹವ್ಯಕವೋ ಮರಾಠಿಯೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಇದನ್ನು ಹೊರೆ ಎಂದು ತಿಳಿಯಬೇಡಿ. ಬೇರೆ ಊರಿನ ಸಂಶೋಧಕರು ವರ್ಷಗಟ್ಟಲೆ ಕಷ್ಟಪಟ್ಟು ಪಡೆಯುವುದನ್ನು ನಿಮಗೆ ಈ ಮಣ್ಣು ಕೊಟ್ಟಿದೆ. ಕನ್ನಡವನ್ನು ಬಿಡಬೇಡಿ, ಉಳಿದುದನ್ನು ಕಲಿಯಲು ಹಿಂಜರಿಯಬೇಡಿ.

ಕೊನೆಗೆ ನನ್ನ ತಪ್ಪು ಕಾಣಿಕೆಯ ವಿಷಯ. ಓಲೆ ನೋಡಿ ಬಂದ ದಿನ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹುಡುಗಿಯೂ ‘ಮಾಸ್ಟ್ರೇ, ನಿಮ್ಮ ಹೆಸರು ಹಾಕುವುದಿಲ್ಲ’ ಎಂದಿದ್ದಳು. ‘ಬೇಡ ಮಗಳೇ, ಹಾಕು. ನಾನು ಬರೆದದ್ದು ತಪ್ಪು ಎಂದೇ ಹಾಕು’ ಎಂದೆ. ಮತ್ತೆ ಮೊಕ್ತೇಸರರ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಸಮಿತಿಯಲ್ಲಿ ಚರ್ಚೆಯಾಯಿತು. ಕೆಲವರಿಗೆ ಬೇಸರವಾಯಿತು. ‘ಸಾವಿರ ವರ್ಷ ಎಂದು ನಂಬಿದ್ದೆವು, ಈಗ ಇನ್ನೂರಕ್ಕೆ ಇಳಿಸುತ್ತೀರಾ ಮಾಸ್ಟ್ರೇ? ಭಕ್ತರು ಏನೆಂದಾರು?’ ಎಂದು ಒಬ್ಬರು ಕೇಳಿದರು. ಅವರ ನೋವು ನನಗೆ ಅರ್ಥವಾಗುತ್ತದೆ.

ಅವರಿಗೆ ನಾನು ಅಂದು ಹೇಳಿದ್ದನ್ನೇ ಇಂದು ಎಲ್ಲರ ಮುಂದೆ ಹೇಳುತ್ತೇನೆ. ಓಲೆ ಹೇಳುವುದು 1793ರಲ್ಲಿ ಜೀರ್ಣೋದ್ಧಾರ ಆಯಿತು ಎಂದು. ಜೀರ್ಣವಾದದ್ದನ್ನು ಉದ್ಧರಿಸಿದರು ಎಂದ ಮೇಲೆ ಅದಕ್ಕಿಂತ ಮೊದಲೇ ಇಲ್ಲಿ ಗುಡಿ ಇತ್ತು ಎಂದಾಯಿತು. ಎಷ್ಟು ಮೊದಲು? ಓಲೆ ಹೇಳುವುದಿಲ್ಲ. ಬೇರೆ ಆಧಾರ ಸಿಗುವವರೆಗೆ ನಾವೂ ಹೇಳಬಾರದು. ದೇವರ ಸಾನ್ನಿಧ್ಯಕ್ಕೆ ವರ್ಷದ ಲೆಕ್ಕ ಬೇಕಿಲ್ಲ. ನಿನ್ನೆ ಪ್ರತಿಷ್ಠೆಯಾದ ಬಿಂಬದಲ್ಲಿಯೂ ಅವನು ಪೂರ್ಣನಾಗಿಯೇ ಇರುತ್ತಾನೆ. ವಯಸ್ಸು ಹೆಚ್ಚು ಹೇಳಿ ನಾವು ಅವನನ್ನು ದೊಡ್ಡವನನ್ನಾಗಿ ಮಾಡಬೇಕಿಲ್ಲ. ಅವನ ಮುಂದೆ ಒಂದು ತಪ್ಪು ಮಾತನ್ನು ಕಲ್ಲಿನಲ್ಲಿ ಕೊರೆಸಿ ಇಟ್ಟರೆ ಮಾತ್ರ ನಾವು ಸಣ್ಣವರಾಗುತ್ತೇವೆ. ಬಾಡಿದ ಹೂವನ್ನು ನಿರ್ಮಾಲ್ಯವೆಂದು ತೆಗೆದು ಹೊಸ ಹೂ ಏರಿಸುವುದು ಪೂಜೆಯ ಕ್ರಮ. ತಪ್ಪೆಂದು ತಿಳಿದದ್ದನ್ನು ತೆಗೆದು ಸರಿಯಾದುದನ್ನು ಇಡುವುದು ವಿದ್ಯೆಯ ಕ್ರಮ.

ಸಂತೋಷದ ಸಂಗತಿಯೆಂದರೆ ಸಮಿತಿಯವರು ಫಲಕವನ್ನು ಬದಲಿಸಲು ಒಪ್ಪಿದ್ದಾರೆ. ಅವರಲ್ಲಿ ಇನ್ನೊಂದು ವಿನಂತಿ. ಆಫೀಸಿನ ಕಪಾಟಿನಲ್ಲಿ ಒಂದು ಖಾನೆಯನ್ನು ಕ್ಷೇತ್ರದ ದಾಖಲೆಗಳಿಗೆ ಬಿಟ್ಟುಕೊಡಿ. ಓಲೆಯ ಫೋಟೋ, ಹಳೆಯ ಲೆಕ್ಕಪುಸ್ತಕಗಳು, ಆಮಂತ್ರಣ ಪತ್ರಿಕೆಗಳು, ಹಿಂದಿನ ಸಂಚಿಕೆಗಳು ಅಲ್ಲಿರಲಿ. ಮಕ್ಕಳೇ, ರಜೆಯಲ್ಲಿ ನೀವು ನೋಟು ಪುಸ್ತಕ ಹಿಡಿದು ಮನೆಯ ಹಿರಿಯರ ಬಳಿ ಕುಳಿತುಕೊಳ್ಳಿ. ಹಿಂದಿನ ಉತ್ಸವ ಹೇಗೆ ನಡೆಯುತ್ತಿತ್ತು, ಗುಡಿಗೆ ಹುಲ್ಲಿನ ಮಾಡು ಹೋಗಿ ಹೆಂಚು ಬಂದದ್ದು ಯಾವಾಗ, ಎಂದು ಕೇಳಿ ಬರೆಯಿರಿ. ಹೇಳಿದವರ ಹೆಸರು, ತಾರೀಕು ಮರೆಯಬೇಡಿ. ಹೊಳೆಯಾಚೆಯ ಆ ಹಿರಿಯರು ಇದ್ದಾಗ ನಾನು ಹತ್ತು ನಿಮಿಷ ಕುಳಿತು ಕೇಳಿ ಬರೆದಿಟ್ಟಿದ್ದರೆ, ಅವರ ಮಾವ ಇನ್ನೂ ಏನೇನು ಹೇಳಿದ್ದರೋ ನಮಗೆ ತಿಳಿಯುತ್ತಿತ್ತು. ಅದು ಅವರೊಡನೆಯೇ ಹೋಯಿತು. ಉಳಿದವರು ಇರುವಾಗಲೇ ಕೇಳಿಕೊಳ್ಳಿ.

ನನ್ನ ಮಾತಿನಲ್ಲಿಯೂ ತಪ್ಪಿರಬಹುದು. ಇದ್ದರೆ ಮನೆಗೆ ಬಂದು ‘ಮಾಸ್ಟ್ರೇ, ಇದು ನಿಮಗೆ ಎಲ್ಲಿ ಸಿಕ್ಕಿತು’ ಎಂದು ಕೇಳಿ. ಈ ಸಲ ನನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ, ತೋರಿಸುತ್ತೇನೆ.  ವಿದ್ಯೆಯಲ್ಲಿ ಶ್ರದ್ಧೆಯನ್ನೂ ತಪ್ಪನ್ನು ಒಪ್ಪುವ ಧೈರ್ಯವನ್ನೂ ನಮ್ಮ ಮಕ್ಕಳಿಗೆ ಶ್ರೀ ದೇವರು ಕರುಣಿಸಲಿ. ಊರಿಗೆಲ್ಲ ಸನ್ಮಂಗಳವಾಗಲಿ.